ಹೆಣ್ಣಿಗಾಗಿ ಹಿಡಿದ ದಾವಣಗೆರೆ ಮನೆ

ನಮ್ಮೂರಿಗೆ ಸಿಮೆಂಟ್ ರಸ್ತೆ, ಮನೆಮನೆಗೆ ನಲ್ಲಿ ಬಂದಾಗಿನಿಂದ ದಿನಕ್ಕೊಂದು ನಾಟಕ. ನಾನು ಯಾರ ಮನೆಗೂ ಇಣುಕೋಳಲ್ಲ. ಕಟ್ಟೆ ಮೇಲೆ ಕೂತ್ರೆ ಎಲ್ಲಾ ತಾನಾಗೇ ಕಾಣ್ತೈತೆ.

ತಿಂದು ಹೋದವರು

ಎದುರುಮನೆಯಾಕೆಗೆ ಒಬ್ಬನೇ ಮಗ. ಇಲ್ಲೇ ನ್ಯಾಮತಿ ಸೀಮೆಯಾಗೆ ಮೆಕ್ಕೆಜೋಳ ಬೆಳೀತಾನೆ, ಎರಡು ಎಮ್ಮೆ ಕಟ್ಟಿದಾನೆ. ಮುಂದಲೆ ಬೋಳಾಗ್ತಾ ಬಂದ್ರೂ ಮದುವೆ ಇಲ್ಲ. ಹೊನ್ನಾಳಿಯಿಂದ ಹೆಣ್ಣಿನವರು ಬಂದ್ರು. "ಹುಡುಗ ದಾವಣಗೆರೆಯಾಗೆ ಇದ್ದಿದ್ರೆ ನೋಡಬಹುದಿತ್ತು" ಅಂದ್ರು. ಚನ್ನಗಿರಿಯವರೂ ಅದನ್ನೇ ಅಂದ್ರು. ಹುಡುಗನ್ನ ಬ್ಯಾಡ ಅಂದವರು ಮಂಡಕ್ಕಿ-ಮಿರ್ಚಿ ಮಾತ್ರ ಬ್ಯಾಡ ಅನ್ನಲಿಲ್ಲ.

ಸಿಟಿ ಕೆಲಸ

ತಾಯಿ ತಲೆ ಓಡಿಸಿದಳು. ದಾವಣಗೆರೆಯಾಗೆ ಬಾಡಿಗೆ ಮನೆ ಹಿಡಿದು, ಮಗನ್ನ ಕರಕೊಂಡು ಹೋದಳು. "ಮಗನಿಗೆ ಸಿಟಿಯಾಗೆ ಕೆಲಸ" ಅಂತ ಸಾರಿದಳು. ಏನು ಕೆಲಸ ಅಂತೀರಿ? ಬೆಳಿಗ್ಗೆ ಬೈಕ್ ಹತ್ತಿ ಊರಿಗೆ ಬರೋದು, ಹಾಲು ಕರೆಯೋದು, ಹೊಲ ನೋಡೋದು, ಸಂಜೆ ಮತ್ತೆ ಹಾಲು ಕರೆದು ಸಿಟಿಗೆ ಹೋಗಿ ಮಲಗೋದು. ರಸ್ತೆ ಆಗಿತ್ತಲ್ಲ, ಅದಕ್ಕೇ ಬದುಕಿದ.

"ಏನಪ್ಪಾ ಸಾಹೇಬ, ಇದೇನಾ ನಿನ್ನ ಆಫೀಸು?" ಅಂದೆ.

"ಸುಮ್ನಿರಜ್ಜಿ. ಎಮ್ಮೆ ಕೇಳಿಸ್ಕೊಂಡ್ರೂ ನನ್ನ ಮದುವೆ ಮುರೀತೈತೆ!"

ಜಗಳೂರಿನ ಹುಡುಗಿ

ಕೊನೆಗೆ ಜಗಳೂರಿನವರು ಆ ಬಾಡಿಗೆ ಮನೆ ನೋಡಾಕೆ ಬಂದ್ರು. ಬಸ್ಸು ನಮ್ಮ ಹೆಂಗಸರಿಗೆ ಪುಕ್ಕಟೆ, ನಾನೂ ಹೋಗಿದ್ದೆ. ಇಂಥದ್ದು ತಪ್ಪಿಸ್ಕೊಳ್ಳಾಕೆ ಆಗ್ತೈತಾ?

ಹುಡುಗೀನೂ ಬಂದಿದ್ಲು. ನೆಟ್ಟಗೆ ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಬುಸ್ ಅಂತು, ಒಂದು ಹನಿ ಬರಲಿಲ್ಲ.

"ನೀರು ಯಾವಾಗ ಬರ್ತೈತ್ರಿ?"

"ವಾರಕ್ಕೊಂದ್ಸಲ ಬರ್ತೈತವ್ವ" ಅಂದಳು ಹುಡುಗನ ತಾಯಿ, ಅದೇ ದೊಡ್ಡಸ್ತಿಕೆ ಅನ್ನೋ ಹಂಗೆ.

ಹುಡುಗಿ ಅಪ್ಪನ ಕಡೆ ತಿರುಗಿದಳು. "ಜಗಳೂರಾಗೆ ಕೊಡ ಹೊತ್ತು ಹೊತ್ತು ನನ್ನ ಸೊಂಟ ಬಿದ್ದೈತೆ. ದಿನಾ ನೀರು ಬರೋ ಹಳ್ಳಿ ಆದ್ರೂ ಸರಿ, ಈ ಸಿಟಿ ನಂಗೆ ಬ್ಯಾಡ. ನಡಿಯಪ್ಪ."

ಅವರು ಚಪ್ಪಲಿ ಮೆಟ್ಟಿದ್ದೇ ತಡ, ನಮ್ಮ ಹುಡುಗ ಬಾಗಿಲಿಗೆ ಅಡ್ಡ ನಿಂತ. "ನಮ್ಮೂರಾಗೆ ದಿನಾ ಬರ್ತೈತ್ರಿ! ನಾನು ಹಳ್ಳಿಯೋನೇ! ಅವ್ವನಾಣೆ!"

ಹುಡುಗಿ ಅಪ್ಪ ಕಣ್ಣು ಕೆಕ್ಕರಿಸಿದ. "ಹಂಗಾದ್ರೆ ಈ ಬಾಡಿಗೆ ಮನೆ ಯಾಕ್ರಿ?"

ತಾಯಿ ಮುಖ ಇಂಗು ತಿಂದ ಮಂಗನಂಗಾಗಿತ್ತು. ಹುಡುಗೀನೇ ಅಂದಳು: "ಈ ಮನೆ ಬಿಡಬ್ಯಾಡ್ರಿ. ನಾವಿಬ್ರೂ ಹಳ್ಳಿಯಾಗೆ ಇರ್ತೀವಿ, ಅತ್ತೆ ಇಲ್ಲೇ ಇರ್ಲಿ. ಒಪ್ಪಿದ್ರೆ ಮದುವೆ."

ನಾನು ಬಾಯಿಗೆ ಸೆರಗು ಒತ್ತಿ ಹಿಡಿದೆ. ಮಗ ಕೈ ಮುಗಿದ. "ಹೂಂ ಅನ್ನವ್ವಾ!"

ಆಕೆ ಮಗನ್ನ ನೋಡಿದಳು, ಹುಡುಗೀನ ನೋಡಿದಳು, ಹಾಯಾಗಿ ಗೋಡೆಗೆ ಒರಗಿದಳು.

"ಇರ್ತೀನಿ ಕಣವ್ವ. ಊರಾಗೆ ಎಮ್ಮೆ ಸಗಣಿ ಬಾಚಾಕೆ ನೀನು ಯಾವತ್ತು ಬರ್ತೀ?"