ನನ್ನದಲ್ಲದ ಮನೆಯನ್ನು ಮಾರಲು ಹೊರಟಾಗ

ಇನ್ನೊಬ್ಬರ ಮನೆಯೊಳಗೆ ಏನಿದೆ ಎಂದು ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಕೆಲವರು ಅದನ್ನು ಒಪ್ಪಿಕೊಳ್ಳುತ್ತಾರೆ, ಉಳಿದವರು ಕುಡಿಯಲು ನೀರು ಕೇಳುವ ನೆಪದಲ್ಲಿ ಒಳಗೆ ಬರುತ್ತಾರೆ. ನನ್ನದು ಮೊದಲನೆಯ ಜಾತಿ. ಬೀದಿಯಲ್ಲಿ ಯಾರದಾದರೂ ಕದ ತೆರೆದಿದ್ದರೆ ನನ್ನ ಕತ್ತು ತಾನಾಗಿಯೇ ಆ ಕಡೆ ಹೊರಳುತ್ತದೆ. ಅಷ್ಟು ದೊಡ್ಡ ಕಪಾಟನ್ನು ಅಷ್ಟು ಸಣ್ಣ ಬಾಗಿಲಿನಲ್ಲಿ ಹೇಗೆ ತೂರಿಸಿದರು ಎಂಬಂಥ ಪ್ರಶ್ನೆಗಳು ನನ್ನನ್ನು ಊಟದ ಹೊತ್ತಿನಲ್ಲೂ ಕಾಡುತ್ತವೆ. ಇದಕ್ಕೆ ಕಾರಣವೂ ಇತ್ತೆನ್ನಿ. ಧಾರವಾಡದಿಂದ ಪುಣೆಗೆ ಬಂದ ಮೇಲೆ ನಾವು ಇದ್ದದ್ದೆಲ್ಲ ಬಾಡಿಗೆಯ ಮನೆಗಳಲ್ಲಿ. ಅಲ್ಲಿ ಹನ್ನೊಂದು ತಿಂಗಳ ಕರಾರು. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಮಾಲೀಕರಿಗೆ ಒಬ್ಬ ಅಳಿಯನೋ ಭಾವಮೈದುನನೋ ಊರಿನಿಂದ ಬರುವುದಿರುತ್ತಿತ್ತು. ಕೊನೆಕೊನೆಗೆ ನನ್ನ ಹೆಂಡತಿ ವಿಜಯಾ ಗೋಡೆಗೆ ಮೊಳೆ ಹೊಡೆಯುವುದನ್ನೇ ಬಿಟ್ಟು, ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದಳು.

ಆಗ ಹೊಸ ಶತಮಾನ ಇನ್ನೂ ಎಳೆಯದು. ಖರಾಡಿಯ ಹೊಲಗಳ ನಡುವೆ ಗಾಜಿನ ಕಟ್ಟಡಗಳು ಏಳತೊಡಗಿದ್ದವು. ನಾನು ಕುರಕುಂಭದ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ದಿನಾ ಹಡಪಸರದಿಂದ ಕಂಪನಿಯ ಬಸ್ಸು. ಮೊದಲು ಆ ಬಸ್ಸಿನಲ್ಲಿ ಕ್ರಿಕೆಟ್ ಮಾತು ನಡೆಯುತ್ತಿತ್ತು, ಈಗ ಬರೀ ಜಾಗದ ಮಾತು. ನನ್ನ ಪಕ್ಕದ ಸೀಟಿನ ಪಾಟೀಲರು ಬೆಳಗಾವಿಯವರು, ಜಗತ್ತಿನ ಎಲ್ಲ ವ್ಯಾಪಾರಗಳನ್ನೂ ಬಾಯಲ್ಲಿ ಮಾಡಿ ಮುಗಿಸಿದವರು. ಒಂದು ದಿನ ನನ್ನ ಕಿವಿಯ ಹತ್ತಿರ ಬಂದು ಹೇಳಿದರು: “ದೇಸಾಯರ, ಮನಿ ತಗೊಳ್ಳಾಕ ರೊಕ್ಕ ಬೇಕು. ಮಾರಾಕ ಮನಿ ಬೇಕು. ಎರಡೂ ಇಲ್ಲದವಗ ಒಂದು ಧಂದಾ ಅದ ನೋಡ್ರಿ.”

ಧಂದೆ ಇಷ್ಟೇ. ಮಾರಲಿಕ್ಕಿರುವ ಮನೆಯೊಂದನ್ನು ಹುಡುಕುವುದು. ಮಾಲೀಕರಿಗೆ ಸ್ವಲ್ಪ ಇಸಾರ, ಅಂದರೆ ಮುಂಗಡ ಕೊಟ್ಟು, ಮೂರು ತಿಂಗಳಲ್ಲಿ ಇಂತಿಷ್ಟಕ್ಕೆ ಕೊಳ್ಳುತ್ತೇನೆಂದು ಕರಾರು ಮಾಡಿಕೊಳ್ಳುವುದು. ಅಷ್ಟರೊಳಗೆ ಹೆಚ್ಚು ಬೆಲೆ ಕೊಡುವ ಗಿರಾಕಿಯನ್ನು ಹುಡುಕಿ ಕರಾರನ್ನು ಅವನಿಗೆ ದಾಟಿಸುವುದು. ನಡುವಿನ ಅಂತರ ನಮ್ಮ ಜೇಬಿಗೆ. ಗಿರಾಕಿ ಸಿಗದಿದ್ದರೆ ಇಸಾರ ಹೋಯಿತು. ಈ ಕೊನೆಯ ಮಾತನ್ನು ಪಾಟೀಲರು ಕೆಮ್ಮುತ್ತ ಹೇಳಿದ್ದರಿಂದ ನನಗೆ ಸರಿಯಾಗಿ ಕೇಳಿಸಲಿಲ್ಲ. ನನ್ನನ್ನು ಸೆಳೆದದ್ದು ಬೇರೆಯೇ. ಈ ಧಂದೆಯಲ್ಲಿ ಯಾರ ಮನೆಯೊಳಗೆ ಬೇಕಾದರೂ ರಾಜಾರೋಷವಾಗಿ ಹೋಗಬಹುದಿತ್ತು!

ವಿಜಯಾ ಪೂರ್ತಿ ಕೇಳಿಸಿಕೊಂಡು, “ಮನಿ ಅವರದು, ರೊಕ್ಕ ಇನ್ನೊಬ್ಬರದು. ನಡುವ ನೀವು ಯಾರ್ರೀ?” ಎಂದಳು.

“ವ್ಯಾಪಾರಿ” ಎಂದೆ.

ಓಣಿಯ ಹೆಂಗಸರು ತಿಂಗಳು ತಿಂಗಳು ದುಡ್ಡು ಕೂಡಿಸುವ ಭಿಶಿಯಲ್ಲಿ ಆ ತಿಂಗಳು ಚೀಟಿ ಅವಳ ಹೆಸರಿಗೆ ಎದ್ದಿತ್ತು. ಆ ದುಡ್ಡನ್ನು ನನ್ನ ಕೈಯಲ್ಲಿಟ್ಟು, “ಇದು ಹೋತಂದ್ರ ನನ್ನ ಮುಂದ ವ್ಯಾಪಾರದ ಮಾತು ಎತ್ತಬ್ಯಾಡ್ರಿ” ಎಂದಳು.

ಆಮೇಲಿನ ಭಾನುವಾರಗಳು ನನ್ನ ಬಾಳಿನ ಸುವರ್ಣಯುಗ. ಎಷ್ಟು ಬಗೆಯ ಮನೆಗಳು! ಒಬ್ಬರು ಸ್ನಾನದ ತೊಟ್ಟಿಯಲ್ಲಿ ಈರುಳ್ಳಿ ತುಂಬಿಟ್ಟಿದ್ದರು. ಇನ್ನೊಬ್ಬರು ದೇವರ ಕೋಣೆಯನ್ನು ದೊಡ್ಡದು ಮಾಡಲು ಹೋಗಿ, ತಾವು ಅಡ್ಡಡ್ಡವಾಗಿ ನಡೆದು ಅಡುಗೆಮನೆ ಸೇರುತ್ತಿದ್ದರು. ಕಡೆಗೆ ಖರಾಡಿಯ ಹಳೆಯ ಸೊಸೈಟಿಯೊಂದರ ಎರಡನೆಯ ಮಹಡಿಯಲ್ಲಿ ಸುಲಭಾತಾಯಿಯ ಮನೆ ಸಿಕ್ಕಿತು. ಆಕೆ ಸರ್ಕಾರಿ ನೌಕರಿಯಲ್ಲಿದ್ದವರು, ನಾಗಪುರಕ್ಕೆ ವರ್ಗವಾಗಿತ್ತು. ನಾನು ಮುಚ್ಚುಮರೆಯಿಲ್ಲದೆ, ಮನೆಯನ್ನು ಬೇರೆಯವರಿಗೆ ದಾಟಿಸುವವನು ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. “ನನ್ನ ಬೆಲೆ ನನಗೆ ಬಂದರಾಯಿತು” ಎಂದು ಆಕೆಯೂ ಮರಾಠಿಯಲ್ಲಿ ಹೇಳಿ, ಇಸಾರ ಎಣಿಸಿಕೊಂಡು ಮೂರು ತಿಂಗಳ ಕರಾರಿಗೆ ಸಹಿ ಹಾಕಿದರು.

ಮೊದಲ ಗಿರಾಕಿ ಕ್ಯಾಂಪಿನ ಬಟ್ಟೆ ವ್ಯಾಪಾರಿ. ಸುಲಭಾತಾಯಿ “ಯಾ, ಬಸಾ” ಎಂದು ಕೂಡಿಸಿ, ಚಹಾ ಕೊಟ್ಟು, ಅವನು ಕೇಳುವ ಮೊದಲೇ ಶುರುಮಾಡಿದರು. ಮಳೆಗಾಲದಲ್ಲಿ ಮಲಗುವ ಕೋಣೆಯ ಪಡುವಣ ಗೋಡೆ ಬೆವರುತ್ತದೆ. ನಲ್ಲಿಯ ನೀರು ಬೆಳಕು ಹರಿಯುವ ಮುಂಚೆ ಬಂದು ಹೋಗುತ್ತದೆ. ಪಕ್ಕದ ಮನೆಯವರು ತಬಲಾ ಕಲಿಯುತ್ತಿದ್ದಾರೆ. ವ್ಯಾಪಾರಿ ಅರ್ಧ ಚಹಾ ಬಿಟ್ಟು ಎದ್ದ.

“ತಾಯಿ, ಅವರು ಕೇಳಲೇ ಇಲ್ಲವಲ್ಲ?” ಎಂದೆ ದುಃಖದಿಂದ.

“ಕೇಳಲಿಲ್ಲ ಅಂತ ಗೋಡೆ ಬೆವರುವುದನ್ನು ಬಿಡುತ್ತದೆಯೇ?” ಎಂದರು.

ಎರಡು ತಿಂಗಳು ಹೀಗೇ ಕಳೆಯಿತು. ಬಂದವರೆಲ್ಲ ಚಹಾ ಕುಡಿದು, ಗೋಡೆಯ ವೃತ್ತಾಂತ ಕೇಳಿ ಹೋದರು. ಒಬ್ಬ ಸಫಾರಿ ಸೂಟಿನವನು ಮಾತ್ರ ಯಾವುದಕ್ಕೂ ಜಗ್ಗದೆ, “ಮನಿ ಪಸಂದ ಬಂತ್ರಿ” ಎಂದ. ನನಗೆ ಕುಣಿಯಬೇಕೆನಿಸಿತು. ಅವನು ನನ್ನನ್ನು ಮೆಟ್ಟಿಲಿನ ಮೂಲೆಗೆ ಕರೆದೊಯ್ದು, “ಹಿಂಗ ಮಾಡೂಣು. ಸ್ವಲ್ಪ ಇಸಾರ ಕೊಡತೀನಿ, ಮೂರು ತಿಂಗಳು ಟೈಮ್ ಕೊಡ್ರಿ. ಅಷ್ಟರಾಗ ನಾ ಬ್ಯಾರೆ ಗಿರಾಕಿ ಹುಡುಕತೀನಿ” ಎಂದ. ಈ ವಿದ್ಯೆಯನ್ನು ಯಾರು ಕಲಿಸಿದರು ಎಂದು ಕೇಳಿದೆ. “ನಮ್ಮ ಮಾವಾರು, ಪಾಟೀಲರಂತ. ಕುರಕುಂಭಕ್ಕ ನೌಕರಿಗೆ ಹೋಗತಾರ” ಎಂದ ಹೆಮ್ಮೆಯಿಂದ.

ಅವಧಿ ಮುಗಿಯುವ ಹೊತ್ತು ಹತ್ತಿರವಾಯಿತು. ಬಸ್ಸಿನಲ್ಲಿ ನಾನು ಪಾಟೀಲರ ಪಕ್ಕ ಕೂರುವುದನ್ನು ಬಿಟ್ಟೆ, ಮನೆಯಲ್ಲಿ ವಿಜಯಾಳ ಎದುರು ಕೂರುವುದನ್ನು ಬಿಟ್ಟೆ. ಒಂದು ಬೆಳಿಗ್ಗೆ ಅವಳೇ ಸೀರೆ ಬದಲಿಸಿ ನಿಂತಳು. “ನನ್ನ ಭಿಶಿ ರೊಕ್ಕ ಎಲ್ಲಿ ಹೋಗಿ ಕೂತದ, ಕಣ್ಣಿಲೆ ನೋಡಿ ಬರ್ತೀನಿ.”

ಸುಲಭಾತಾಯಿ ಬಾಗಿಲು ತೆಗೆಯುತ್ತಲೇ ವಿಜಯಾ, “ನೀರು ಯಾವಾಗ ಬರುತ್ತದೆ?” ಎಂದು ಮರಾಠಿಯಲ್ಲಿ ಕೇಳಿದಳು. ಅಷ್ಟು ಜನರಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ಇಬ್ಬರೂ ಒಳಗೆ ಹೋದರು. ನಾನು ಪಡಸಾಲೆಯಲ್ಲಿ ಕೂತು ಕಿವಿಗೊಟ್ಟೆ. ಗೋಡೆಯ ಕಥೆ ಬಂತು. “ನಮ್ಮಲ್ಲಿ ನಾಲ್ಕೂ ಗೋಡೆ ಬೆವರುತ್ತವೆ” ಎಂದಳು ವಿಜಯಾ. ತಬಲಾ ಬಂತು. “ತಾಳ ಸಿಕ್ಕಿದೆಯೋ ಇಲ್ಲವೋ?” “ಈಚೆಗೆ ಸಿಗುತ್ತಿದೆ” ಎಂದರು ಸುಲಭಾತಾಯಿ. ಆಮೇಲೆ ಅಡುಗೆಮನೆಯಿಂದ ಇಬ್ಬರ ನಗು ಕೇಳಿಸಿತು. ಅದು ಬಹಳ ಹೊತ್ತಾದರೂ ನಿಲ್ಲಲಿಲ್ಲ.

ಮರಳುವಾಗ ಸ್ಕೂಟರಿನ ಹಿಂದಿನಿಂದ ಮಾತು ಬಂತು. “ಗಿರಾಕಿ ಸಿಕ್ತು, ತಗೋರಿ.”

“ಯಾರು?”

“ನಾನು.”

ಸ್ಕೂಟರ್ ಓಲಾಡಿತು. ಆ ಕಾಲದಲ್ಲಿ ಬ್ಯಾಂಕಿನವರು ಕರೆದು ಕರೆದು ಸಾಲ ಕೊಡುತ್ತಿದ್ದರು. ಅದನ್ನೂ ಅವಳು ಆಗಲೇ ವಿಚಾರಿಸಿಕೊಂಡಿದ್ದಳು. ಸುಲಭಾತಾಯಿಗೆ ಅವರ ಬೆಲೆ ಸಿಕ್ಕಿತು. ನನಗೆ ನಿವೃತ್ತಿಯವರೆಗೆ ಕಂತು ಸಿಕ್ಕಿತು. ಕೀಲಿಕೈ ಕೊಡುವಾಗ ಆಕೆ ಅದನ್ನು ನನ್ನ ಚಾಚಿದ ಕೈಗೆ ಹಾಕದೆ ವಿಜಯಾಳ ಕೈಯಲ್ಲೇ ಇಟ್ಟರು.

ವಿಷಯ ತಿಳಿದು ಪಾಟೀಲರು ಬಸ್ಸಿನಲ್ಲೆಲ್ಲ ಸಾರಿದರು, “ದೇಸಾಯರು ಖರಾಡಿಯೊಳಗ ಒಂದು ವ್ಯವಹಾರ ಕುದುರಿಸಿದ್ರು!” ಆಮೇಲೆ ನನ್ನ ಕಿವಿಗೆ ಬಾಗಿ, “ನಡುವಿನ ಅಂತರ ಎಷ್ಟ ಉಳೀತ್ರಿ?” ಎಂದರು. ಹೌದಲ್ಲ ಎನಿಸಿತು. ಮಾಲೀಕರನ್ನು ಹುಡುಕಿದವನು ನಾನು, ಗಿರಾಕಿಯನ್ನು ಕರೆದುಕೊಂಡು ಹೋದವನೂ ನಾನು. ಸಂಜೆ ಮನೆಗೆ ಬಂದವನೇ ಧಂದೆಯ ನಿಯಮವನ್ನು ವಿಜಯಾಳಿಗೆ ವಿವರಿಸಿ, ಗಿರಾಕಿಯಿಂದ ನನಗೊಂದಿಷ್ಟು ಬರಬೇಕು ಎಂದೆ. ಅವಳು ಸ್ಟೂಲಿನ ಮೇಲೆ ನಿಂತು ಪರದೆ ಕಟ್ಟುತ್ತಿದ್ದಳು.

“ಗುರ್ತಿನವರ ಕಡೆಯಿಂದನೂ ಲಾಭ ತಗೋತೀರೇನ್ರೀ?” ಎಂದಳು ತಿರುಗಿಯೂ ನೋಡದೆ. “ಮೊದಲ ಈ ಸ್ಟೂಲ್ ಗಟ್ಟಿ ಹಿಡೀರಿ.”

ವ್ಯಾಪಾರಿ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡ.