ಪ್ರಭಾರ ಅಪರಾಧಿ

ಸಂಘರ್ಷ ಮುಗಿದ ನಾಲ್ಕನೆಯ ವರ್ಷದ ಆರಂಭದಲ್ಲಿ, ಈ ದೇಶದಲ್ಲಿ ಯಾರೂ ಯಾರನ್ನೂ ಕೊಂದಿಲ್ಲ ಎಂಬ ಸ್ಥಿತಿಯನ್ನು ತಲುಪಲು ಇನ್ನು ಒಂದೇ ಒಂದು ಕಡತ ಬಾಕಿ ಇತ್ತು. ಆ ಕಡತ ನನ್ನ ಮೇಜಿನ ಮೇಲಿತ್ತು.

ನಾನು ಸೌಹಾರ್ದ ಇಲಾಖೆಯ ಕಡತ ವಿಭಾಗದಲ್ಲಿ ಗುಮಾಸ್ತ. ಇಲಾಖೆ ಇರುವುದು ಹಿಂದೆ ಅಂಚೆ ಕಚೇರಿಯಾಗಿದ್ದ ಕಟ್ಟಡದಲ್ಲಿ. ಗೋಡೆಗಳಲ್ಲಿ ಗುಂಡು ಹೊಕ್ಕ ತೂತುಗಳಿದ್ದವು. ಸರ್ಕಾರಿ ಸೊತ್ತು ಯಾವುದೂ ವ್ಯರ್ಥವಾಗಬಾರದೆಂದು ನಿರ್ದೇಶಕರು ಅಪ್ಪಣೆ ಮಾಡಿದ್ದರಿಂದ ಆ ತೂತುಗಳಲ್ಲೇ ಗೂಟ ಬಡಿದು ಕ್ಯಾಲೆಂಡರು, ಛತ್ರಿ ಮತ್ತು ಶಾಂತಿ ಒಪ್ಪಂದದ ಚೌಕಟ್ಟು ಹಾಕಿದ ಪ್ರತಿಯನ್ನು ತೂಗುಹಾಕಿದ್ದೇವೆ.

ಸ್ವಾತಂತ್ರ್ಯ ಹೋರಾಟಗಾರ ಯಾರು, ಬರೀ ಕೊಲೆಗಾರ ಯಾರು ಎಂಬುದನ್ನು ತೀರ್ಮಾನಿಸಲು ಎರಡೂ ಬಣಗಳಿಂದ ತಲಾ ಒಂಬತ್ತು ಮಂದಿಯ ಸಮಿತಿ ಹದಿನಾಲ್ಕು ತಿಂಗಳು ಚರ್ಚಿಸಿತ್ತು. ಮೊದಲ ಆರು ತಿಂಗಳು ಬಾಗಿಲ ಹತ್ತಿರ ಯಾವ ಬಣ ಕೂರಬೇಕು ಎಂಬುದಕ್ಕೇ ಹೋಯಿತು. ನಾವು ಹೊಡೆದದ್ದು ಹೋರಾಟ, ಅವರು ಹೊಡೆದದ್ದು ಹಿಂಸೆ ಎಂದು ಎರಡೂ ಬಣಗಳು ಒಂದೇ ಮಾತಿನಲ್ಲಿ, ಅಕ್ಷರ ಬದಲಿಸದೆ ಲಿಖಿತ ಹೇಳಿಕೆ ಕೊಟ್ಟವು. ಇಷ್ಟೊಂದು ಒಮ್ಮತ ಇದ್ದ ಮೇಲೆ ಜಗಳವೇಕೆ ಎಂದು ಸಮಿತಿಯ ಅಧ್ಯಕ್ಷರು ನಿಯಮ ಒಂಬತ್ತನ್ನು ರೂಪಿಸಿದರು. ಅದರ ಪ್ರಕಾರ, ಹಾನಿಗೊಳಗಾದ ಕುಟುಂಬವು ಯಾರನ್ನು ಲಿಖಿತವಾಗಿ ಕ್ಷಮಿಸುತ್ತದೆಯೋ ಆತನನ್ನು ಸ್ವಾತಂತ್ರ್ಯ ಹೋರಾಟಗಾರನೆಂದು ಪರಿಗಣಿಸತಕ್ಕದ್ದು. ಆತನ ಕೈಯಲ್ಲಿ ಸತ್ತವರನ್ನು ಸ್ವಾತಂತ್ರ್ಯಕ್ಕಾಗಿ ಸತ್ತವರೆಂದು ಪರಿಗಣಿಸತಕ್ಕದ್ದು. ತದನಂತರ ಕೊಲೆ ಎಂಬ ಪದವನ್ನು ಕಡತದಿಂದ ತೆಗೆಯತಕ್ಕದ್ದು.

ನಿಯಮ ಸರಳವಾಗಿತ್ತು. ಜನ ಸಾಲುಗಟ್ಟಿ ಬಂದರು. ಒಂದು ಕುರ್ಚಿಯಲ್ಲಿ ಕೊಂದವನು, ಎದುರು ಕುರ್ಚಿಯಲ್ಲಿ ಕಳೆದುಕೊಂಡವರು, ನಡುವೆ ನಾನು ಮತ್ತು ನಮೂನೆ. ನಮೂನೆಯ ಹನ್ನೊಂದನೆಯ ಕಲಂ 'ಶವವಿರುವ ಸ್ಥಳ, ತಿಳಿದಿದ್ದಲ್ಲಿ' ಎಂದಿತ್ತು. ಹೆಚ್ಚಿನವರು 'ತಿಳಿದಿಲ್ಲ' ಎಂದು ಬರೆಯುತ್ತಿದ್ದರು. ಬೇಗ ಮುಗಿಯಲಿ ಎಂದು ಆ ಪದದ ರಬ್ಬರ್ ಮೊಹರು ಮಾಡಿಸಿ ಇಟ್ಟವನು ನಾನೇ. ಅದಕ್ಕೆ ನಿರ್ದೇಶಕರು ಎಲ್ಲರೆದುರು ನನ್ನ ಬೆನ್ನು ತಟ್ಟಿದ್ದರು.

ಉಳಿದಿದ್ದ ಆ ಒಂದು ಕಡತ ಬೋರ್ಡು ಬರೆಯುವವನದು. ಊರಿನಲ್ಲಿ ಅಷ್ಟು ಚೆನ್ನಾಗಿ ಅಕ್ಷರ ಬರೆಯುವವನು ಇನ್ನೊಬ್ಬನಿರಲಿಲ್ಲ. ಹೀಗಾಗಿ ಬೆಳಿಗ್ಗೆ ಒಂದು ಬಣದ ಘೋಷಣೆಯನ್ನು ಗೋಡೆಯ ಮೇಲೆ ಬರೆದು, ಮಧ್ಯಾಹ್ನ ಎದುರುಗೋಡೆಯಲ್ಲಿ ಇನ್ನೊಂದು ಬಣದ ಉತ್ತರವನ್ನೂ ಅವನೇ ಬರೆಯುತ್ತಿದ್ದ. ಎರಡೂ ಕಡೆ ಅಕ್ಷರದ ಬಾಲ ಒಂದೇ ರೀತಿ ಮೇಲಕ್ಕೆ ಕೊಂಕುತ್ತಿತ್ತು. ಒಂದು ದಿನ ಬಣ್ಣದ ಡಬ್ಬಿ ಹಿಡಿದು ಹೋದವನು ಮನೆಗೆ ಬರಲಿಲ್ಲ. ಅವನು ನಮ್ಮವನು, ನಾವೇಕೆ ಹೊಡೆಯೋಣ ಎಂದು ಎರಡೂ ಬಣಗಳೂ ಹೇಳಿದವು. ಕೊಂದವನಿಲ್ಲದೆ ಕ್ಷಮೆ ಇಲ್ಲ, ಕ್ಷಮೆಯಿಲ್ಲದೆ ಕಡತ ಮುಗಿಯುವುದಿಲ್ಲ.

ಅವನ ಅಕ್ಕ ದರ್ಜಿ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಕಿಕೊಂಡೇ ಪ್ರತಿ ಗುರುವಾರ ಬಂದು ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಕೂರುತ್ತಿದ್ದಳು. ಅವಳದು ಒಂದೇ ಕೇಳಿಕೆ. ತಮ್ಮ ಎಲ್ಲಿದ್ದಾನೆ ಎಂದು ಯಾರಾದರೂ ಹೇಳಬೇಕು. ತಾಯಿಗೆ ಎಂಬತ್ತೆರಡು. ಮಗನ ಪಕ್ಕದಲ್ಲೇ ತನ್ನನ್ನು ಮಲಗಿಸಬೇಕೆಂದು ಮುದುಕಿ ಹಟ ಹಿಡಿದಿದ್ದಾಳಂತೆ. ಪಕ್ಕ ಅಂದರೆ ಯಾವುದರ ಪಕ್ಕ ಎಂದು ಹೇಳಲು ಅಕ್ಕನಿಗೆ ಗೊತ್ತಿರಲಿಲ್ಲ.

ಶಾಂತಿ ದಿನಾಚರಣೆಗೆ ಹನ್ನೆರಡು ದಿನ ಇರುವಾಗ ನಿರ್ದೇಶಕರು ನನ್ನನ್ನು ಒಳಗೆ ಕರೆದರು. ತಹಶೀಲ್ದಾರರ ಹುದ್ದೆ ಖಾಲಿಯಾದರೆ ಏನು ಮಾಡುತ್ತೇವೆ ಎಂದು ಕೇಳಿದರು. ಇನ್ನೊಬ್ಬರಿಗೆ ಪ್ರಭಾರ ವಹಿಸುತ್ತೇವೆ ಎಂದೆ. ಮುಖ್ಯೋಪಾಧ್ಯಾಯರದು ಖಾಲಿಯಾದರೆ? ಅದಕ್ಕೂ ಪ್ರಭಾರ. ಹಾಗಾದರೆ ಕೊಲೆಗಾರರ ಹುದ್ದೆ ಖಾಲಿಯಿರುವುದಕ್ಕೆ ಇಡೀ ಇಲಾಖೆ ಕೈ ಕಟ್ಟಿಕೊಂಡು ಕೂರಬೇಕೆ ಎಂದು ಕೇಳಿ, ಟೈಪು ಮಾಡಿಸಿಟ್ಟಿದ್ದ ಆದೇಶವನ್ನು ನನ್ನ ಕಡೆ ತಳ್ಳಿದರು.

'ಸದರಿ ಪ್ರಕರಣದಲ್ಲಿ ಅಪರಾಧಿಯ ಸ್ಥಾನವು ತೆರವಾಗಿರುವುದರಿಂದ, ಸಾರ್ವಜನಿಕ ಹಿತದೃಷ್ಟಿಯಿಂದ, ಕಡತ ವಿಭಾಗದ ಗುಮಾಸ್ತರು ತಮ್ಮ ಈಗಿನ ಕರ್ತವ್ಯಗಳ ಜೊತೆಗೆ ಪ್ರಭಾರ ಅಪರಾಧಿಯಾಗಿ ನಿವೃತ್ತಿಯವರೆಗೆ ಕಾರ್ಯನಿರ್ವಹಿಸತಕ್ಕದ್ದು.'

ನನ್ನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ನಾನು ಯಾವ ಬಣಕ್ಕೂ ಸೇರಿರಲಿಲ್ಲ. ಸಂಘರ್ಷದ ಅಷ್ಟೂ ವರ್ಷ ಮಂಚದ ಕೆಳಗಿದ್ದೆ. ನನ್ನ ತಟಸ್ಥ ನಿಲುವಿನ ಬಗ್ಗೆ ಯಾರದೂ ತಕರಾರಿರಲಿಲ್ಲ. ಮನೆಯಲ್ಲಿ ಹೇಳಿದಾಗ ಹೆಂಡತಿ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಜಿರಲೆ ಬಂದ್ರೆ ನನ್ನ ಕರೀತೀರಿ. ನಿಮ್ಮಿಂದ ಆಗತ್ತಾ ಇದು?"

ಕೊಲ್ಲುವ ಕೆಲಸ ಹಿಂದೆಯೇ ಮುಗಿದಿದೆ, ನನಗಿರುವುದು ಸಹಿ ಹಾಕುವುದಷ್ಟೇ ಎಂದು ಸಮಾಧಾನ ಮಾಡಿದೆ.

ಕ್ಷಮಾ ಕಲಾಪದ ದಿನ ಅಕ್ಕ ಎದುರು ಕುರ್ಚಿಯಲ್ಲಿ ಕೂತು ನನ್ನನ್ನು ಮೇಲಿಂದ ಕೆಳಗೆ, ಅಂಗಿಯ ಅಳತೆ ತೆಗೆಯುವವಳಂತೆ ನೋಡಿದಳು. ಮೂರು ವರ್ಷದಿಂದ ನನ್ನನ್ನು ಬಲ್ಲವಳು. ಆದೇಶವನ್ನು ಓದಿ ಹೇಳಿದ ಮೇಲೆ ಅವಳು ಕೇಳಿದ್ದು ಎರಡೇ ಪ್ರಶ್ನೆ.

"ಕೊನೆಗೆ ಏನಂದ ಅವನು?"

"ಕಡತದಲ್ಲಿ ನಮೂದಾಗಿಲ್ಲಮ್ಮ."

"ಎಲ್ಲಿ ಹೂತಿದ್ದೀರಿ?"

ನಾನು ಮೊಹರು ತೆಗೆದು ಹನ್ನೊಂದನೆಯ ಕಲಮಿನ ಮೇಲೆ ಒತ್ತಿದೆ. ಅವಳು ಪೆನ್ನು ಕೆಳಗಿಟ್ಟಳು. ಆಗ ನಿರ್ದೇಶಕರು ತುಂಬ ತಾಳ್ಮೆಯಿಂದ ವಿವರಿಸಿದರು. ಶವ ಹುಡುಕುವುದು ಉತ್ಖನನ ಶಾಖೆಯ ಕೆಲಸ. ಆ ಶಾಖೆಯವರು ಮುಕ್ತಾಯಗೊಂಡ ಕಡತಗಳನ್ನು ಮಾತ್ರ ಕೈಗೆತ್ತಿಕೊಳ್ಳುತ್ತಾರೆ. ತಮ್ಮನನ್ನು ಹುಡುಕಬೇಕೆಂದಿದ್ದರೆ ಮೊದಲು ಕ್ಷಮಿಸಬೇಕು. ಹಾಗೆಂದು ಒತ್ತಾಯವೇನಿಲ್ಲ. ಅಕ್ಕ ಸ್ವಲ್ಪ ಹೊತ್ತು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು, ಆಮೇಲೆ ಸಹಿ ಹಾಕಿದಳು. ನಾವು ಕೈ ಕುಲುಕಿದೆವು, ಫೋಟೋ ತೆಗೆದರು.

ಶಾಂತಿ ದಿನದಂದು ದೇಶ ಸಂಪೂರ್ಣ ಕೊಲೆಮುಕ್ತವಾಯಿತೆಂದು ಘೋಷಣೆಯಾಯಿತು. ನಿಯಮ ಒಂಬತ್ತರ ಅನ್ವಯ ನಾನು ಸ್ವಾತಂತ್ರ್ಯ ಹೋರಾಟಗಾರನಾದೆ. ಬಸ್ಸಿನಲ್ಲಿ ಜನ ಜಾಗ ಬಿಟ್ಟುಕೊಡತೊಡಗಿದರು. ಶಾಲೆಗಳಿಂದ ಭಾಷಣಕ್ಕೆ ಕರೆ ಬಂತು. ಮೊದಲ ಶಾಲೆಯಲ್ಲಿ ನಾನು ಆದೇಶದ ಪ್ರತಿಯನ್ನಷ್ಟೇ ಓದಿದೆ. ಮಕ್ಕಳು ಆಕಳಿಸಿದರು. ಎರಡನೆಯ ಶಾಲೆಯಲ್ಲಿ ಮಂಚದ ಕೆಳಗಿನ ದಿನಗಳನ್ನು ಭೂಗತ ಜೀವನ ಎಂದು ಹೇಳಿದೆ. ಐದನೆಯ ಶಾಲೆಯ ಹೊತ್ತಿಗೆ ಬೋರ್ಡು ಬರೆಯುವವನು ನನ್ನ ಗುಂಡು ತಗುಲಿ ಬೀಳುವಾಗ 'ಸ್ವಾತಂತ್ರ್ಯ ಚಿರಾಯುವಾಗಲಿ' ಎಂದು ಕೂಗಿದ್ದು ನನಗೆ ಚೆನ್ನಾಗಿ ನೆನಪಿಗೆ ಬರುತ್ತಿತ್ತು. ಹೇಳುವಾಗ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದೆ. ಅದು ನಟನೆಯಲ್ಲ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿರುವಾಗ ಒಂದು ಸೋಮವಾರ ಸೈಕಲ್ ರಿಪೇರಿಯವನು ಬಂದ. ಗ್ರೀಸು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನನ್ನ ಮೇಜಿನೆದುರು ನಿಂತ.

"ಸಾರ್, ಬೋರ್ಡು ಬರೆಯೋನನ್ನ ಹೊಡೆದೋನು ನಾನು."

ಆ ಸ್ಥಾನ ಭರ್ತಿಯಾಗಿದೆ ಎಂದು ತಿಳಿಸಿದೆ.

"ಯಾರಿದ್ದಾರೆ ಸಾರ್?"

"ನಾನು."

ಅವನು ನನ್ನ ಮುಖವನ್ನೇ ನೋಡಿದ. ತನಗೆ ಹೋರಾಟಗಾರನ ಪಟ್ಟ ಬೇಡ, ಬಸ್ಸಿನಲ್ಲಿ ಸೀಟೂ ಬೇಡ, ಹೇಳಿಬಿಟ್ಟರೆ ಸಾಕು ಎಂದ. ಎರಡೂ ಕಡೆಯವರಿಗೆ ಬರೆಯುವವನು ಗೂಢಚಾರನೇ ಇರಬೇಕು ಎಂದು ಮೇಲಿನವರು ಹೇಳಿದ್ದರಂತೆ, ಇವನು ಹೊಡೆದನಂತೆ. ನಾಲ್ಕು ವರ್ಷದಿಂದ ಯಾವ ಗೋಡೆ ನೋಡಿದರೂ ಆ ಕೊಂಕು ಬಾಲದ ಅಕ್ಷರ ಕಾಣುತ್ತದಂತೆ. ಅವನ ತಳಮಳವನ್ನು ನಾನು ಅರ್ಥ ಮಾಡಿಕೊಂಡೆ, ಆ ಕೊಲೆ ಈಗ ನನ್ನದೇ ಆಗಿದ್ದರಿಂದ.

ನಿರ್ದೇಶಕರು ತುರ್ತು ಸಭೆ ಕರೆದರು. ಇವನನ್ನು ಒಪ್ಪಿಕೊಂಡರೆ ನನ್ನ ಅಪರಾಧ ರದ್ದು. ನನ್ನ ಅಪರಾಧ ರದ್ದಾದರೆ ಅಕ್ಕನ ಕ್ಷಮೆ ರದ್ದು. ಕ್ಷಮೆ ರದ್ದಾದರೆ ಘೋಷಣೆಯಾದ ಮೇಲೆ ದೇಶದಲ್ಲಿ ಒಂದು ಕೊಲೆ ಹೊಸದಾಗಿ ನಡೆದಂತೆ. ಶಾಂತಿ ಕದಡುವ ಇಂಥ ಕೃತ್ಯ ಬೇಡವೆಂದು ಅವನಿಗೆ ಬುದ್ಧಿ ಹೇಳಿ, ಕಾಯುವವರ ಪಟ್ಟಿಯಲ್ಲಿ ಒಂದನೆಯ ಕ್ರಮಸಂಖ್ಯೆ ಕೊಟ್ಟು, ಪ್ರತಿ ಗುರುವಾರ ಬಂದು ವಿಚಾರಿಸಲು ಸೂಚಿಸಿದರು. ಗುರುವಾರವೇ ಯಾಕೆಂದರೆ ಸಾರ್ವಜನಿಕರ ಭೇಟಿಗೆ ಇರುವುದು ಅದೊಂದೇ ದಿನ, ಮತ್ತು ಬೆಂಚು ಇರುವುದೂ ಒಂದೇ.

ಸ್ಥಳ ತಿಳಿಯದೆ ಎಲ್ಲಿ ಅಗೆಯುವುದೆಂದು ಉತ್ಖನನ ಶಾಖೆಯವರು ಕೇಳಿದ್ದರಿಂದ ಅಕ್ಕ ಗುರುವಾರ ಬರುವುದನ್ನು ಬಿಟ್ಟಿರಲಿಲ್ಲ. ಆ ಗುರುವಾರ ನಾನು ತಲೆಯೆತ್ತಿದಾಗ ಬೆಂಚಿನ ಒಂದು ತುದಿಯಲ್ಲಿ ಅಕ್ಕ, ಇನ್ನೊಂದು ತುದಿಯಲ್ಲಿ ಸೈಕಲ್ ರಿಪೇರಿಯವನು ಕೂತಿದ್ದರು. ಅವನು ನೆಲ ನೋಡುತ್ತ ಏನೋ ಹೇಳುತ್ತಿದ್ದ. ಬಾಗಿಲು ತೆರೆದೇ ಇದ್ದುದರಿಂದ ನನಗೂ ಕೇಳಿಸಿತು.

"ನಾನು ಹಿಂದಿನಿಂದ ಹೋದೆ, ಅಕ್ಕ. ಅವನು ತಿರುಗಿ ನೋಡಿದ. ನನ್ನ ಕೈಯಲ್ಲಿದ್ದದ್ದು ಅವನ ಕಣ್ಣಿಗೇ ಬೀಳಲಿಲ್ಲ. 'ಗೋಡೆಗೆ ಒರಗಬೇಡಪ್ಪ, ಬಣ್ಣ ಇನ್ನೂ ಹಸಿ ಇದೆ' ಅಂದ."

ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೈ ತೆಗೆದು, "ಅವನೇ. ಅವನು ಹಾಗೇ ಅನ್ನೋದು" ಎಂದಳು. ಇವನನ್ನು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ನಾನು ಕಾದೆ. ಕೈಯೆತ್ತಿದಳು ಕೂಡ. ಆದರೆ ಕೈ ಅರ್ಧದಲ್ಲೇ ನಿಂತು ಬೆಂಚಿನ ಮೇಲೆ ಬಿತ್ತು. ಎಲ್ಲಿ ಎಂದು ಕೇಳಿದಳು. ಹಳೆಯ ಇಟ್ಟಿಗೆ ಗೂಡಿನ ಹಿಂದೆ, ಮುರಿದ ಹೊಗೆಗೊಳವೆಯಿಂದ ಇಪ್ಪತ್ತು ಹೆಜ್ಜೆ ಎಂದ.

ಇಟ್ಟಿಗೆ ಗೂಡಿನ ಜಾಗಕ್ಕೆ ಈಗ ಮುಳ್ಳುತಂತಿ ಹಾಕಿ ಕಾವಲಿಟ್ಟಿದ್ದಾರೆ. ಅನುಮತಿಯಿಲ್ಲದೆ ನೆಲ ಅಗೆಯುವವರನ್ನು ಹೂತಿಟ್ಟ ಬಂದೂಕು ಹುಡುಕುವವರೆಂದು ಪರಿಗಣಿಸಲಾಗುತ್ತದೆ. ಅನುಮತಿ ಕೊಡುವುದು ಉತ್ಖನನ ಶಾಖೆ. ಅಕ್ಕ ಅಲ್ಲಿಗೆ ಓಡಿದಳು. ಸ್ಥಳದ ಮಾಹಿತಿಯನ್ನು ಅಪರಾಧಿ ಮಾತ್ರ ಹನ್ನೊಂದನೆಯ ಕಲಮಿನಲ್ಲಿ ಸ್ವಹಸ್ತದಿಂದ ಕೊಡತಕ್ಕದ್ದು, ಬೆಂಚಿನ ಮೇಲೆ ಕೂತವರ ಮಾತು ಆಧಾರವಲ್ಲ ಎಂದು ಹೇಳಿ ಅವಳನ್ನು ನನ್ನ ಹತ್ತಿರ ಕಳಿಸಿದರು.

ಅವಳು ಓಡಿ ಬಂದಿದ್ದಕ್ಕೆ ಏದುಸಿರು ಬಿಡುತ್ತಿದ್ದಳು.

"ಒಂದು ಗೆರೆ ಬರೀರಿ ಅಣ್ಣ. ಇಟ್ಟಿಗೆ ಗೂಡಿನ ಹಿಂದೆ ಅಂತ. ನಿಮ್ಮ ಕಾಲು ಹಿಡೀತೀನಿ."

ಕಡತ ತೆರೆದೆ. ಪೆನ್ನಿನ ಮುಚ್ಚಳವನ್ನೂ ತೆಗೆದೆ. ಆದರೆ ಅಲ್ಲಿ ಆಗಲೇ 'ತಿಳಿದಿಲ್ಲ' ಎಂಬ ಮೊಹರು ಬಿದ್ದಿತ್ತು. ಈಗ ತಿಳಿದಿದೆ ಎಂದು ಬರೆದರೆ ಅಂದು ಸುಳ್ಳು ಹೇಳಿದಂತೆ. ಸುಳ್ಳು ಹೇಳಿದ ಅಪರಾಧಿಗೆ ಕ್ಷಮೆ ಊರ್ಜಿತವಲ್ಲ. ಕ್ಷಮೆ ಇಲ್ಲದಿದ್ದರೆ ನಾನು ಹೋರಾಟಗಾರನಲ್ಲ, ಬರೀ ಕೊಲೆಗಾರ. ಮರುದಿನ ಬೆಳಿಗ್ಗೆ ಹನ್ನೆರಡನೆಯ ಶಾಲೆಯಲ್ಲಿ ನನ್ನ ಭಾಷಣವಿತ್ತು. ಬ್ಯಾಂಡ್ ಸೆಟ್ಟು ತರಿಸಿದ್ದರು. ನಾನು ಮುಚ್ಚಳ ಹಾಕಿದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಎಲ್ಲಾದರೂ ನಮೂದಿಸೋಣವೆಂದು ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಅದಕ್ಕೆ ಕಲಂ ಇರಲಿಲ್ಲ.

"ನಿಮ್ಮ ನಿವೃತ್ತಿ ಯಾವಾಗ ಸಾರ್?" ಬಾಗಿಲಲ್ಲಿ ನಿಂತಿದ್ದ ಸೈಕಲ್ ರಿಪೇರಿಯವನು ಕೇಳಿದ.

ಇನ್ನು ಹನ್ನೊಂದು ವರ್ಷ ಎಂದೆ. ಅಷ್ಟು ಹೊತ್ತಿಗೆ ಪ್ರಭಾರ ತೆರವಾಗುತ್ತದೆ, ಪಟ್ಟಿಯಲ್ಲಿ ಅವನದೇ ಮೊದಲ ಹೆಸರು, ಹೊಸ ಅಪರಾಧಿಗೆ ಹೊಸ ನಮೂನೆ, ಹನ್ನೊಂದನೆಯ ಕಲಂ ಖಾಲಿ ಇರುತ್ತದೆ. ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ ಎಂದು ವಿವರಿಸಿದೆ. ಅವನು ತಲೆಯಾಡಿಸಿದ. ಅಕ್ಕ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು.

"ಆಗ ಅಮ್ಮನಿಗೆ ತೊಂಬತ್ತಮೂರು" ಎಂದಳು.

ಇರಬಹುದು ಎಂದೆ.

ಈಗ ಇಬ್ಬರೂ ಪ್ರತಿ ಗುರುವಾರ ಬರುತ್ತಾರೆ. ಮೊದಮೊದಲು ಬೆಂಚಿನ ಎರಡು ತುದಿಯಲ್ಲಿ ಕೂರುತ್ತಿದ್ದರು, ಬಿಸಿಲು ಬೀಳುವ ಕಡೆ ಬಿಟ್ಟು ಈಗ ಒಂದೇ ಕಡೆ ಕೂರುತ್ತಾರೆ. ಅವಳು ಗುಂಡಿ ಹೊಲಿಯುತ್ತಾಳೆ, ಅವನು ದಾರ ಪೋಣಿಸಿಕೊಡುತ್ತಾನೆ. ಮಾತು ಕಡಿಮೆ. ಅವಳು ಅವನನ್ನು ಕ್ಷಮಿಸಿಲ್ಲ. ಕೇಳಿದರೆ ಹಾಗೆಂದೇ ಹೇಳುತ್ತಾಳೆ, ಅವನ ಎದುರಿಗೇ. ಕ್ಷಮಿಸುವುದಿದ್ದರೂ ಈಗ ಸಾಧ್ಯವಿಲ್ಲ, ಅವಳ ಪಾಲಿನ ಕ್ಷಮೆಯನ್ನು ನನಗೆ ಮಂಜೂರು ಮಾಡಿಯಾಗಿದೆ.

ಕಳೆದ ವಾರ ಹೊರದೇಶದ ನಿಯೋಗವೊಂದು ಬಂದಿತ್ತು. ನಿರ್ದೇಶಕರು ಪಡಸಾಲೆಯಲ್ಲಿ ನಿಂತು, ಒಂದೇ ಬೆಂಚಿನಲ್ಲಿ ಕೂತ ಇವರಿಬ್ಬರನ್ನು ತೋರಿಸಿ, ನಮ್ಮ ಸಾಮಾನ್ಯ ಪ್ರಜೆಗಳು ಎಷ್ಟು ಸಾಮರಸ್ಯದಿಂದ ಬಾಳುತ್ತಿದ್ದಾರೆ ನೋಡಿ ಎಂದರು. ನಿಯೋಗದವರು ಫೋಟೋ ತೆಗೆದುಕೊಂಡರು. ಇವರ ನಡುವೆ ಹಿಂದೆ ಏನಾದರೂ ಇತ್ತೇ ಎಂದು ಒಬ್ಬರು ಕೇಳಿದಾಗ ನಿರ್ದೇಶಕರು ನನ್ನ ಕಡೆ ತಿರುಗಿದರು. ನಾನು ಕಡತ ನೋಡಿ, ಏನೂ ಇಲ್ಲ ಎಂದು ದೃಢೀಕರಿಸಿದೆ.