ಡ್ರಮ್ಮಿನಲ್ಲಿ ಕಾವು ಕೂತ ಕೋಳಿ

ದೊಬ್ರಿಯ ಪೀಕಲಾಟಕ್ಕೆಲ್ಲ ಮೂಲ ಒಂದು ಕೋಳಿ. ಕಾವು ಕೂರಲು ಅದಕ್ಕೆ ಜಾಗದ ಬರವೇನೂ ಇರಲಿಲ್ಲ. ಕೋಳಿಗೂಡಿನಲ್ಲಿ ಹಳೇ ಬುಟ್ಟಿಯಿತ್ತು, ಒಡೆದ ಬಾನಿಯಿತ್ತು, ಮೂಲೆಯಲ್ಲಿ ಬೇಕಾದಷ್ಟು ಒಣಹುಲ್ಲಿತ್ತು. ಅದೆಲ್ಲವನ್ನೂ ಬಿಟ್ಟು, ಅವನ ಹೆಂಡತಿ ವೆಲಿಕಾಳ ಚುಕ್ಕೆಕೋಳಿ ಹೋಗಿ ಹೋಗಿ ಗಿರಣಿಯವರ ಡ್ರಮ್ಮಿನಲ್ಲಿ ಕೂತಿತ್ತು.

ಗಿರಣಿಯವರ ಡ್ರಮ್ಮು ಎಂದರೆ ದಾನ್ಯೂಬ್ ದಂಡೆಯ ಆ ಊರಿನಲ್ಲಿ ಸಾಮಾನ್ಯ ವಸ್ತುವಲ್ಲ. ಊರಿಗೆ ಎರಡು ಫುಟ್‌ಬಾಲ್ ತಂಡ. ರೈಲುಹಳಿಯ ಈಚೆ ಇರುವವರು ರೈಲ್ವೆ ತಂಡದವರು, ಆಚೆ ಇರುವವರು ಹಿಟ್ಟಿನ ಗಿರಣಿ ತಂಡದವರು. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ನಲವತ್ತು ವರ್ಷದ ಹಿಂದೆ ಈ ಎರಡು ತಂಡ ಆಡುವ ಭಾನುವಾರ ಔಷಧಿ ಅಂಗಡಿಯವನು ಬ್ಯಾಂಡೇಜು ಎದುರಿಗೇ ಜೋಡಿಸಿಟ್ಟುಕೊಂಡು ಕೂರುತ್ತಿದ್ದ. ಬೆಂಚು ಕಿತ್ತು ಎಸೆಯುವುದು, ಬೆಲ್ಟು ಬಿಚ್ಚಿ ಬೀಸುವುದು, ಪೊಲೀಸರ ನಾಯಿಗಳು ಯಾರ ಕಡೆಯವರೆಂದು ಕೇಳದೆ ಎಲ್ಲರನ್ನೂ ಕಚ್ಚುವುದು. ಒಬ್ಬರ ಬಾವುಟವನ್ನೋ ಸ್ಕಾರ್ಫನ್ನೋ ಇನ್ನೊಬ್ಬರು ಕಿತ್ತುಕೊಂಡರೆ ಅದನ್ನು ಆಸ್ತಿಪತ್ರಕ್ಕಿಂತ ಜೋಪಾನವಾಗಿ ಇಡುತ್ತಿದ್ದರು, ಕಳೆದುಕೊಂಡವರು ವರ್ಷಗಟ್ಟಲೆ ತಲೆ ತಗ್ಗಿಸಿ ಓಡಾಡುತ್ತಿದ್ದರು. ಅಂಥ ದಿನಗಳಲ್ಲಿ ಗಿರಣಿಯವರ ದೊಡ್ಡ ಡ್ರಮ್ಮನ್ನೇ ಹೊತ್ತು ತಂದವನು ನಮ್ಮ ದೊಬ್ರಿ.

ಅದೊಂದೇ ಕೆಲಸದಿಂದ ಅವನ ಬದುಕು ಸುಗಮವಾಗಿ ಹೋಗಿತ್ತು. ಸ್ಟೇಷನ್ನಿನ ಎದುರು ಲಿಂಡನ್ ಮರದ ಕೆಳಗಿನ ಬೆಂಚಿನಲ್ಲಿ ಒಂದು ಜಾಗ ಅವನದೇ, ಬೇರೆಯವರು ಅಲ್ಲಿ ಕೂರುತ್ತಿರಲಿಲ್ಲ. ಕಾಫಿ ತಾನಾಗಿ ಬರುತ್ತಿತ್ತು. ಜೂನ್ ತಿಂಗಳಲ್ಲಿ ಮರ ಹೂಬಿಟ್ಟಾಗ ಅದರ ಘಮಕ್ಕೆ ಅವನಿಗೆ ಕೂತಲ್ಲೇ ಜೊಂಪು ಹತ್ತುವುದು, ಜೊಂಪಿನಲ್ಲಿ ಆ ಭಾನುವಾರ ತೇಲಿ ಬರುವುದು. ದೂಳು, ಬಿಸಿಲು, ಸಾವಿರ ಗಂಟಲುಗಳ ಗದ್ದಲ. ನಂತರ ಆಟದ ಮೈದಾನದ ಹಿಂದಿನ ಕಬ್ಬಿಣದ ಬೇಲಿ. ಅಲ್ಲಿಗೆ ಬಂದ ಕೂಡಲೇ ಕನಸು ಒಮ್ಮೆ ತಡವರಿಸಿ, ಬೇಲಿ ದಾಟಿ ನೇರವಾಗಿ ದೊಡ್ಡ ಬೀದಿಗೆ ಇಳಿಯುತ್ತಿತ್ತು. ಬೀದಿಯಲ್ಲಿ ಅವನು ಎರಡೂ ಕೈಯಲ್ಲಿ ಡ್ರಮ್ಮನ್ನು ಮುಂದೆ ಹಿಡಿದು, ಗೋಡೆಗೆ ಬೆನ್ನು ಕೊಟ್ಟು, ಅವಸರವಿಲ್ಲದೆ ಪಕ್ಕಪಕ್ಕಕ್ಕೆ ಹೆಜ್ಜೆ ಹಾಕುತ್ತಿದ್ದ. ನದಿಯ ಗಾಳಿ ಮೊಣಕಾಲಿಗೆ ತಣ್ಣಗೆ ತಾಗುತ್ತಿತ್ತು. ಕಿಟಕಿಗಳಿಂದ ಜನ ಹೂ ಎಸೆದರು ಎಂದು ಅವನಿಗೆ ಈಗ ನೆನಪು, ಆಗ ಎಸೆದಿದ್ದರೋ ಇಲ್ಲವೋ.

ಯಾರೋ ಅದರ ಫೋಟೋ ತೆಗೆದಿದ್ದರು. ಮೇಲೊಂದು ಬೆದರಿದ ತಲೆ, ನಡುವೆ ಡ್ರಮ್ಮು, ಕೆಳಗೆ ಸಣಕಲು ಕಾಲೆರಡು. ಅದು ಇಂದಿಗೂ ರೈಲ್ವೆ ಕ್ಲಬ್ಬಿನ ಗೋಡೆಯ ಮೇಲಿದೆ. ಶತ್ರುಗಳ ನಡುವೆ ಎಷ್ಟು ನೆಮ್ಮದಿಯಾಗಿ ನಡೆದುಬಂದ ನೋಡಿ, ಹಿಂದಿನಿಂದ ಯಾರೂ ಮೇಲೆ ಬೀಳದ ಹಾಗೆ ಗೋಡೆ ಹಿಡಿದು ಬಂದಿದ್ದಾನೆ, ಎಂಥ ಬುದ್ಧಿ, ಎಂದು ಹಿರಿಯರು ಕಿರಿಯರಿಗೆ ತೋರಿಸುತ್ತಿದ್ದರು.

ಈಗ ಆ ಡ್ರಮ್ಮನ್ನು ಹಿಂದಿರುಗಿಸಬೇಕಾಗಿತ್ತು. ಎರಡೂ ತಂಡದ ಮುದುಕರೂ ಹಳೆಯ ದ್ವೇಷ ಮರೆತು, ತಾವು ಕಿತ್ತುಕೊಂಡದ್ದನ್ನು ಪರಸ್ಪರ ಒಪ್ಪಿಸಿ ಕೈಕುಲುಕುವುದೆಂದು ತೀರ್ಮಾನವಾಗಿತ್ತು. ರೈಲ್ವೆ ಕ್ಲಬ್ಬಿನ ಕಾರ್ಯದರ್ಶಿ ಬೊರಿಲ್ ಅಂದು ಬೆಳಗ್ಗೆ ಬಂದು, ಸಂಜೆ ಚೌಕದಲ್ಲಿ ಸಮಾರಂಭ ಎಂದು ಮತ್ತೊಮ್ಮೆ ನೆನಪಿಸಿದ.

"ಡ್ರಮ್ಮು ಚೆನ್ನಾಗಿದೆ ತಾನೆ, ಬಾಯ್ ದೊಬ್ರಿ?" ಎಂದ. ಆ ಕಡೆ ಹಿರಿಯ ಗಂಡಸರನ್ನು ಬಾಯ್ ಎಂದೇ ಕರೆಯುವುದು.

"ಅಟ್ಟದ ಮೇಲೆ ಹತ್ತಿಯಲ್ಲಿ ಸುತ್ತಿಟ್ಟಿದೀನಪ್ಪಾ," ಎಂದ ದೊಬ್ರಿ.

ಬೊರಿಲ್ ಹೋದ ಮೇಲೆ ಕೋಳಿಗೂಡಿಗೆ ಹೋಗಿ ನೋಡಿದ. ಡ್ರಮ್ಮಿನ ಒಂದು ಬದಿಯ ಚರ್ಮವನ್ನು ಇಲಿಗಳು ಎಂದೋ ತಿಂದು ಮುಗಿಸಿದ್ದವು. ಆ ಬಾಯಿಯನ್ನು ಮೇಲೆ ಮಾಡಿ, ಒಳಗೆ ಹುಲ್ಲು ಹಾಸಿ, ವೆಲಿಕಾ ಮೊಟ್ಟೆ ಇಟ್ಟಿದ್ದಳು. ಕೋಳಿ ಒಳಗೆ ಉಬ್ಬಿಕೊಂಡು ಕೂತು, ಸರ್ಕಾರಿ ಕಚೇರಿಯ ಗುಮಾಸ್ತೆಯಂತೆ ಅವನನ್ನು ಒಂದೇ ಕಣ್ಣಿನಲ್ಲಿ ನೋಡಿತು. ಜೋಳ ತೋರಿಸಿದ, ಬಗ್ಗಲಿಲ್ಲ. ಕೈ ಹಾಕಿದ, ಕುಕ್ಕಿತು. ಟೋಪಿ ಬೀಸಿದ, ಟೋಪಿಯನ್ನೇ ಕಿತ್ತುಕೊಂಡು ಅದರ ಮೇಲೆ ಕೂತಿತು.

ಅಷ್ಟರಲ್ಲಿ ಬೇಲಿಯ ಮೇಲಿಂದ ಪಕ್ಕದ ಮನೆಯ ಲೇಲ್ಯಾ ತಿನ್ಕಾಳ ತಲೆ ಕಾಣಿಸಿತು. ಲೇಲ್ಯಾ ಎಂದರೆ ಅತ್ತೆ, ತಿನ್ಕಾ ಇಡೀ ಬೀದಿಗೇ ಅತ್ತೆ. ಎಂಬತ್ತು ದಾಟಿದ್ದರೂ ಅವಳಿಗೆ ಎರಡು ವಿಷಯ ಮರೆಯುತ್ತಿರಲಿಲ್ಲ: ಯಾರಿಗೆ ಏನು ಕೊಟ್ಟೆ, ಅದು ಯಾವ ಬಟ್ಟೆ. ಮೊಟ್ಟೆಯನ್ನು ಬಾನಿಗೆ ದಾಟಿಸಿಬಿಡು, ಕೋಳಿ ತಾನಾಗಿ ಬರುತ್ತದೆ ಎಂದು ಅಲ್ಲಿಂದಲೇ ಅಪ್ಪಣೆ ಮಾಡಿದಳು. ದೊಬ್ರಿ ಹಾಗೇ ಮಾಡಿದ. ಕೋಳಿ ಬಾನಿಯ ಕಡೆ ತಿರುಗಿಯೂ ನೋಡದೆ ಪ್ಲಮ್ ಮರ ಹತ್ತಿತು. ಅವನು ಏಣಿ ಹಾಕಿ ಹತ್ತಿದ. ಏಣಿ ಜಾರಿತು. ದೊಬ್ರಿ ಬಂದು ಬಿದ್ದದ್ದು ತಿನ್ಕಾಳ ಈರುಳ್ಳಿ ಮಡಿಯಲ್ಲಿ.

ಗದ್ದಲಕ್ಕೆ ವೆಲಿಕಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಮೊಟ್ಟೆಗಳನ್ನು ಮುಟ್ಟಿ ನೋಡಿ ಡ್ರಮ್ಮಿಗೆ ವಾಪಸು ಇಟ್ಟಳು. ಕೋಳಿ ಇಳಿದು ಬಂದು ಏನೂ ಆಗಿಲ್ಲವೆಂಬಂತೆ ಕೂತಿತು.

"ಇವತ್ತೋ ನಾಳೆಯೋ ಒಡೀತವೆ," ಎಂದಳು ವೆಲಿಕಾ. "ಕೋಳಿ ಎಬ್ಬಿಸಿದ್ರೆ ನಿನಗೆ ಊಟ ಇಲ್ಲ."

"ಡ್ರಮ್ಮು ತಗೊಂಡು ಹೋಗದಿದ್ರೆ ನನಗೆ ಊರೇ ಇಲ್ಲ ಕಣೇ," ಎಂದ ದೊಬ್ರಿ. ಲಿಂಡನ್ ಮರದ ಕೆಳಗಿನ ಜಾಗದಲ್ಲಿ ಬೇರೆ ಯಾರೋ ಕೂತು ಕಾಫಿ ಕುಡಿಯುತ್ತಿರುವುದು ಅವನ ಕಣ್ಣಿಗೆ ಕಟ್ಟಿತು. ಅರವತ್ತು ದಾಟಿದ ಮನುಷ್ಯ ಹೊಸದಾಗಿ ಇನ್ನೇನು ಸಾಹಸ ಮಾಡಲು ಸಾಧ್ಯ?

ವೆಲಿಕಾ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಳಗಿನಿಂದ ಒಂದು ಮೇಜಿನ ಬಟ್ಟೆ ತಂದು, ಉಪ್ಪಿನಕಾಯಿ ಜಾಡಿಗೆ ಕಟ್ಟುವಂತೆ ಡ್ರಮ್ಮಿನ ಬಾಯಿಗೆ ಸಡಿಲವಾಗಿ ಕಟ್ಟಿದಳು. ಕೋಳಿ ಸಮೇತ ಹೋಗಲಿ, ಕೋಳಿ ಸಮೇತ ಬರಲಿ, ಯಾರೂ ಬಾರಿಸಕೂಡದು ಎಂದು ಕರಾರು ಹಾಕಿದಳು.

"ಆ ಬಟ್ಟೆ ನಂದು," ಎಂದಿತು ಬೇಲಿಯ ಮೇಲಿನ ತಲೆ. "ನಿಮ್ಮ ಮಗಳ ಮದುವೇಲಿ ಕೊಟ್ಟಿದ್ದು. ಅಂಚಿನ ಕಸೂತಿ ನಾನೇ ಹಾಕಿದ್ದು."

ಸಂಜೆ ದೊಬ್ರಿ ಡ್ರಮ್ಮನ್ನು ಕೈಗಾಡಿಯಲ್ಲಿಟ್ಟು ಹೊರಟ. ದೊಡ್ಡ ಬೀದಿಯ ತುದಿಯಲ್ಲಿ ಬೊರಿಲ್ ಬ್ಯಾಂಡಿನವರ ಜೊತೆ ಕಾದಿದ್ದ. ಗಾಡಿ ಕಂಡದ್ದೇ ಹೌಹಾರಿದ. ಅಂಥ ಡ್ರಮ್ಮನ್ನು ಆಲೂಗೆಡ್ಡೆಯಂತೆ ತಳ್ಳಿಕೊಂಡು ಬರುವುದೇ? ಅಂದಿನಂತೆಯೇ ಕೈಯಲ್ಲಿ ಹಿಡಿದು ನಡೆದು ಬರಬೇಕು, ಜನ ಕಾಯುತ್ತಿದ್ದಾರೆ ಎಂದ. ದೊಬ್ರಿ ಬೆನ್ನುನೋವಿನ ನೆಪ ಹೇಳಿ, ನೆಟ್ಟಗೆ ಹಿಡಿಯುವ ಬದಲು ಬಟ್ಟೆ ಕಟ್ಟಿದ ಬಾಯಿ ಮೇಲೆ ಬರುವಂತೆ ಹೊಟ್ಟೆಯ ಮಟ್ಟದಲ್ಲಿ ಹಿಡಿದುಕೊಂಡ. ಬ್ಯಾಂಡು ಶುರುವಾಯಿತು. ಒಳಗೆ ಕೋಳಿಯೂ ಶುರುಮಾಡಿತು. ಬಟ್ಟೆಯ ಕೆಳಗೆ ಅಂಚು ಹಿಡಿದಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಕುಕ್ಕತೊಡಗಿತು. ದೊಬ್ರಿಯ ಕಣ್ಣಲ್ಲಿ ನೀರು ತುಂಬಿತು.

"ನೋಡಿ, ಹಳೇದೆಲ್ಲ ನೆನಪಾಗಿ ಅಳ್ತಿದಾರೆ," ಎಂದರು ಜನ.

ಆದರೂ ಆ ನಡಿಗೆಯಲ್ಲಿ ಏನೋ ಇತ್ತು. ಇಳಿಬಿಸಿಲು ಹಳೆಯ ಗೋಡೆಯ ಮೇಲೆ ಜೇನಿನಂತೆ ಜಾರುತ್ತಿತ್ತು. ಲಿಂಡನ್ ಹೂಗಳು ಗಾಳಿಗೆ ಉದುರಿ ಡ್ರಮ್ಮಿನ ಬಟ್ಟೆಯ ಮೇಲೆ ಬೀಳುತ್ತಿದ್ದವು. ಅವನಿಗೆ ತಾನು ನಡೆಯುತ್ತಿರುವುದು ಯಾವ ಸಂಜೆಯಲ್ಲಿ ಎಂಬುದೇ ಮಸುಕಾಯಿತು. ನಡುನಡುವೆ ಆ ದಿನದ ಮುಖಗಳು ತೇಲಿ ಬಂದವು. ಕಲ್ಲೇಟಿನಿಂದ ಒಂದು ಕಣ್ಣು ಕಳೆದುಕೊಂಡ ಬೇಕರಿಯ ಹುಡುಗನ ಮುಖವೂ ಬಂತು. ಎಂಥ ಮೂರ್ಖರಾಗಿದ್ದೆವು ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು. ಆಗ ಕೋಳಿ ಮತ್ತೆ ಕುಕ್ಕಿತು.

ಚೌಕದಲ್ಲಿ ವೇದಿಕೆ. ಹಿಂದೆ ಅವನ ಫೋಟೋವನ್ನು ಆಳೆತ್ತರಕ್ಕೆ ದೊಡ್ಡದು ಮಾಡಿ ತೂಗುಹಾಕಿದ್ದರು. ಮೇಜಿನ ಪಕ್ಕದಲ್ಲಿ ಗಿರಣಿಯವರ ಅಂದಿನ ಡ್ರಮ್ಮುಗಾರ ಮೆತೋದಿ ನಿಂತಿದ್ದ. ಒಂದೇ ಊರಿನಲ್ಲಿದ್ದರೂ ಇಬ್ಬರೂ ಇಷ್ಟು ವರ್ಷ ಎದುರಾದಾಗೆಲ್ಲ ರಸ್ತೆಯ ಬದಿ ಬದಲಿಸಿದವರು. ದೊಬ್ರಿ ಡ್ರಮ್ಮನ್ನು ಮೇಜಿನ ಮೇಲಿಟ್ಟ. ಮೆತೋದಿ ಅದರ ಹಳದಿ-ಬಿಳಿ ಪಟ್ಟೆಗಳನ್ನು ಸವರಿ ಮೂಗೊರೆಸಿಕೊಂಡ. ಆಮೇಲೆ ಕೋಟಿನ ಒಳಗಿಂದ ಡ್ರಮ್ಮಿನ ಕೋಲು ತೆಗೆದ.

ದೊಬ್ರಿ ಡ್ರಮ್ಮಿಗೆ ಅಡ್ಡವಾಗಿ ಕೈ ಚಾಚಿದ. "ಮೆತೋದಿ, ಬೇಡ," ಎಂದು ಪಿಸುಗುಟ್ಟಿದ. "ನಿನ್ನ ಕಾಲಿಗೆ ಬೀಳ್ತೀನಿ."

ಮೆತೋದಿ ಕೋಲು ಎತ್ತಿಯಾಗಿತ್ತು. ಅಷ್ಟರಲ್ಲಿ ಬಟ್ಟೆಯ ಕೆಳಗಿನಿಂದ ತೆಳ್ಳಗೆ ಒಂದು ಚಿಂವ್ ಕೇಳಿಸಿತು. ಮೆತೋದಿ ಹಾಗೇ ನಿಂತ. ಬಗ್ಗಿ, ಬಟ್ಟೆಯ ಒಂದು ಮೂಲೆ ಎತ್ತಿ ನೋಡಿದ. ಕೋಳಿ ಅವನನ್ನೂ ಒಂದೇ ಕಣ್ಣಿನಲ್ಲಿ ನೋಡಿತು. ಅದರ ರೆಕ್ಕೆಯ ಕೆಳಗೆ ಒದ್ದೆಯಾದ ಒಂದು ಪುಟ್ಟ ತಲೆ ಇತ್ತು.

"ನಾನೂ ಕೋಳಿ ಸಾಕಿದೀನಿ," ಎಂದು ಮೆತೋದಿ ಮೆಲ್ಲಗೆ ಹೇಳಿದ. "ಈಗ ಅಲ್ಲಾಡಿಸಬಾರದು." ಮತ್ತೆ ಸೆಟೆದು ನಿಂತು, ಇಂಥ ಡ್ರಮ್ಮನ್ನು ಬಾರಿಸುವ ಕಾಲ ಮುಗಿಯಿತು, ಇನ್ನು ಇದು ಶಾಂತವಾಗಿರಲಿ ಎಂದು ಜನರಿಗೆಲ್ಲ ಕೇಳುವಂತೆ ಘೋಷಿಸಿದ. ಚೌಕಕ್ಕೆ ಚೌಕವೇ ಚಪ್ಪಾಳೆ ತಟ್ಟಿತು. ಇಬ್ಬರೂ ತಬ್ಬಿಕೊಂಡರು. ದೊಬ್ರಿಗೆ ಹೋದ ಜೀವ ಬಂದಂತಾಯಿತು. ಇಷ್ಟು ಒಳ್ಳೆಯ ಮನುಷ್ಯನನ್ನು ಕಂಡು ಇಷ್ಟು ವರ್ಷ ಯಾಕಾದರೂ ರಸ್ತೆ ದಾಟಿದೆನೋ ಎನ್ನಿಸಿತು.

"ಕೊಟ್ಟವರಿಗೆ ನಾವೂ ಕೊಡಬೇಕಲ್ಲ," ಎಂದ ಮೆತೋದಿ. "ಅದೇ ದಿನ ನಮ್ಮ ಹುಡುಗರ ಕೈಗೂ ಒಂದು ಸಿಕ್ಕಿತ್ತು. ಯಾರದ್ದು ಅಂತ ಗೊತ್ತಿಲ್ಲ. ಬೇಲಿ ಹಾರುವಾಗ ಹಿಡಿದೆಳೆದ್ರಂತೆ, ಇದು ಕೈಗೆ ಬಂತು, ಮನುಷ್ಯ ಆ ಕಡೆ ಹೋದ. ನಮ್ಮ ಕ್ಲಬ್ಬಿನ ಬೀರುವಿನಲ್ಲಿ ಇಸ್ತ್ರಿ ಹಾಕಿ ಇಟ್ಟಿದ್ವಿ."

ಕಾಗದದ ಪೊಟ್ಟಣ ಬಿಚ್ಚಿ, ಅದರಲ್ಲಿದ್ದುದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಅದೊಂದು ಕಂದು ಬಣ್ಣದ ಪ್ಯಾಂಟು. ಕುಂಡೆಯ ಜಾಗದಲ್ಲಿ ಸೂರ್ಯಕಾಂತಿ ಹೂವಿನ ಒಂದು ದೊಡ್ಡ ತೇಪೆ.

ಜನ ನಕ್ಕರು. ಯಾವನಪ್ಪಾ ಆ ಪುಣ್ಯಾತ್ಮ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ದೊಬ್ರಿಯೂ ನಗಲು ಪ್ರಯತ್ನಿಸಿದ, ತುಟಿ ಒಂದೇ ಕಡೆ ಹೋಯಿತು. ಮೊದಲ ಸಾಲಿನಲ್ಲಿ ಲೇಲ್ಯಾ ತಿನ್ಕಾ ಕನ್ನಡಕ ಸರಿಪಡಿಸಿಕೊಂಡು ಎದ್ದು ನಿಂತಳು.

"ಆ ತೇಪೆ ನನ್ನ ಅಡುಗೆಮನೆ ಪರದೆದು," ಎಂದಳು. "ದೊಬ್ರಿ, ನಿಮ್ಮಮ್ಮ ಕೇಳಿದ್ದಕ್ಕೆ ನಾನೇ ಕತ್ತರಿಸಿಕೊಟ್ಟಿದ್ದೆ. ನಿನ್ನ ಪ್ಯಾಂಟಲ್ವೇನೋ ಇದು?"

ಬೊರಿಲ್ ಪ್ಯಾಂಟನ್ನು ನೋಡಿದ, ತಲೆಯೆತ್ತಿ ಆಳೆತ್ತರದ ಫೋಟೋವನ್ನು ನೋಡಿದ. ಮೇಲೆ ತಲೆ, ನಡುವೆ ಡ್ರಮ್ಮು, ಕೆಳಗೆ ಸಣಕಲು ಕಾಲೆರಡು. ಊರಿನ ಕಣ್ಣುಗಳೆಲ್ಲ ಅವನ ಹಿಂದೆಯೇ ಮೇಲೆ ಹೋದವು. ದೊಬ್ರಿಯ ಕನಸು ನಲವತ್ತು ವರ್ಷ ಹಾರಿಸಿಕೊಂಡು ಬಂದಿದ್ದ ಜಾಗ ಎಲ್ಲರಿಗೂ ಒಟ್ಟಿಗೇ ಕಂಡಿತು: ಹೆದರಿ ಕಾಲಿಗೆ ಬುದ್ಧಿ ಹೇಳಿದ ಹುಡುಗ, ಬೇಲಿ, ಎಳೆದ ಕೈಗಳು, ಬೇಲಿಯಾಚೆ ಯಾರೋ ಬಿಟ್ಟು ಓಡಿದ್ದ ಡ್ರಮ್ಮು, ಮರ್ಯಾದೆ ಮುಚ್ಚಿಕೊಳ್ಳಲು ಸಿಕ್ಕ ಒಂದೇ ಒಂದು ವಸ್ತು. ಆಮೇಲೆ ಎದ್ದ ನಗು ಹಳೆಯ ಪಂದ್ಯಗಳ ಗದ್ದಲವನ್ನೂ ಮೀರಿಸಿತು. ಒಂದೇ ವ್ಯತ್ಯಾಸವೆಂದರೆ ಈ ಸಲ ಎರಡೂ ತಂಡದವರು ಒಂದೇ ಕಡೆ ಸೇರಿದ್ದರು.

ದೊಬ್ರಿ ಕತ್ತಲಾಗುವ ಹೊತ್ತಿಗೆ ಖಾಲಿ ಕೈಗಾಡಿ ತಳ್ಳಿಕೊಂಡು ಮನೆಗೆ ಬಂದ. ಗಾಡಿಯಲ್ಲಿ ಪ್ಯಾಂಟೊಂದೇ ಇತ್ತು. ಬರುವಾಗ ನೋಡಿದ್ದ, ಲಿಂಡನ್ ಮರದ ಕೆಳಗೆ ತನ್ನ ಜಾಗದಲ್ಲಿ ಆಗಲೇ ಬೊರಿಲ್‌ನ ಮಾವ ಕಾಲು ಚಾಚಿ ಕೂತಿದ್ದ. ವೆಲಿಕಾ ಗೇಟಿನಲ್ಲಿ ನಿಂತು ಗಾಡಿಯೊಳಗೆ ಇಣುಕಿದಳು.

"ಕೋಳಿ ಎಲ್ಲಿ?"

"ಮೆತೋದಿ ಮನೇಲಿ. ಡ್ರಮ್ಮು ಇನ್ನು ಅವರದಲ್ವಾ, ಮೊಟ್ಟೆ ಒಡೀತಿದಾವೆ, ಈಗ ಅಲ್ಲಾಡಿಸಬಾರದಂತೆ." ಮೆಟ್ಟಿಲ ಮೇಲೆ ಕುಸಿದು ಕೂತು, ಚೌಕದಲ್ಲಿ ನಡೆದದ್ದನ್ನೆಲ್ಲ ನೆಲ ನೋಡುತ್ತ ಹೇಳಿದ. ವೀರನೆಂದು ನಂಬಿ ಕೈಹಿಡಿದವಳಿಗೆ ಇದನ್ನು ಹೇಳಬೇಕಾಗಿ ಬಂತಲ್ಲ ಎಂದು ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗಿತ್ತು.

ವೆಲಿಕಾ ಪ್ಯಾಂಟನ್ನು ಕೈಗೆತ್ತಿಕೊಂಡು ತೇಪೆಯ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಅವತ್ತು ನೀನು ಬೆನ್ನು ಒತ್ಕೊಂಡು ಹೋದ್ಯಲ್ಲ, ಆ ಗೋಡೇಲಿ ಒಂದು ಕಿಟಕಿ ಇತ್ತು," ಎಂದಳು. "ನಮ್ಮ ಹೊಲಿಗೆ ಕಾರ್ಖಾನೇದು. ಊರೆಲ್ಲ ನಿನ್ನ ಮುಂದಿನಿಂದ ನೋಡ್ತು. ನನಗೆ ಅವತ್ತು ಭಾನುವಾರದ ಪಾಳಿ, ಒಳಗಡೆ ಮಿಷನ್ ಮುಂದೆ ಕೂತಿದ್ದೆ."

ದೊಬ್ರಿ ತಲೆಯೆತ್ತಿ ಅವಳನ್ನು ನೋಡಿದ. ತೋಟದ ಕಡೆಯಿಂದ ಲಿಂಡನ್ ಘಮ ಮೆಲ್ಲಗೆ ಬರುತ್ತಿತ್ತು. ಕೊನೆಗೆ, ಹಾಗಿದ್ದೂ ಯಾಕೆ ಮದುವೆಯಾದೆ ಎಂದು ಕೇಳಿದ.

"ಪಾಪ, ತುಂಬ ನಡುಗ್ತಿದ್ದೆ," ಎಂದಳು ವೆಲಿಕಾ. ಪ್ಯಾಂಟನ್ನು ನೀಟಾಗಿ ಮಡಚಿ ಅವನ ತೊಡೆಯ ಮೇಲಿಟ್ಟು ಬಾಗಿಲ ಕಡೆ ತಿರುಗಿದಳು. "ನಾಳೆ ಬೆಳಗ್ಗೆ ಗಿರಣಿಯವರ ಕಡೆ ಹೋಗಿ ನನ್ನ ಕೋಳಿ ತಗೊಂಡು ಬಾ. ಈ ಸಲ ಪ್ಯಾಂಟು ಹಾಕ್ಕೊಂಡೇ ವಾಪಸ್ ಬಾ."